ಕರುಣಾಬಾಯಿಯ ಪಕ್ಕದ ಜಾಗ

“ಗುರುಗಳೇ, ನಮ್ಮ ಸಭೆಯ ಬಾಗಿಲು ಯಾರಿಗೂ ಮುಚ್ಚಿಲ್ಲ. ಹಸಿದವರಿಗೆ ಊಟ ಹಾಕುತ್ತೇವೆ, ಯಾವ ಜಾತಿ, ಯಾವ ಧರ್ಮ ಎಂದು ಕೇಳುವುದಿಲ್ಲ. ಊರು ದೂರ ಇಟ್ಟವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆ. ಇಷ್ಟೆಲ್ಲ ಕೊಟ್ಟರೂ ನಮಗೆ ಏನೂ ಕಡಿಮೆಯಾಗಿಲ್ಲ. ಇದು ಕರ್ತನ ಆಶೀರ್ವಾದವಲ್ಲವೇ?” ಎಂದು ಶಿಷ್ಯ ಕೇಳಿದ.

ಅವನ ಹೆಸರು ಸತ್ಯಶೀಲ. ಚರ್ಚಿನ ಬೋಧಕನಾಗಲು ಓದುತ್ತಿದ್ದ. ರಜೆಗೆ ಊರಿಗೆ ಹೋಗಿ ಬಂದಿದ್ದ. ತನ್ನ ಸಭೆಯ ಕೆಲಸಗಳನ್ನು ನೋಡಿ ಅವನಿಗೆ ಹೆಮ್ಮೆ ಉಕ್ಕಿತ್ತು.

“ಏನೂ ಕಡಿಮೆಯಾಗಿಲ್ಲವೇ?” ಎಂದರು ಗುರುಗಳು.

“ಏನೂ ಇಲ್ಲ, ಗುರುಗಳೇ.”

“ಹಾಗಾದರೆ ಒಂದು ಕತೆ ಹೇಳುತ್ತೇನೆ, ಕೇಳು” ಎಂದು ಗುರುಗಳು ಆರಂಭಿಸಿದರು.

ಬಯಲುಸೀಮೆಯ ಪಟ್ಟಣವೊಂದರಲ್ಲಿ ಒಂದು ಸಭೆ ಇತ್ತು. ನಿಮ್ಮದರ ಹಾಗೆಯೇ ಒಳ್ಳೆಯ ಸಭೆ. ಅದಕ್ಕೆ ಒಬ್ಬ ಹೆಂಗಸು ಸಭಾಪಾಲಕಿ. ಗುರುವಾರ ಗುರುವಾರ ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರಿಗೆ ದೇವಾಲಯದ ಹಾಲ್‌ನಲ್ಲಿ ಊಟ. ಕ್ರಿಸ್‌ಮಸ್ ಬಂದರೆ ಮಂಗಳಮುಖಿಯರಿಗೆ ಮುಂದಿನ ಬೆಂಚು. ಹಳಬರಿಗೆ ಇದೆಲ್ಲ ಅಷ್ಟಕ್ಕಷ್ಟೇ. ಆದರೆ ಹಳಬರ ಬಾಯಿ ಮುಚ್ಚಿಸಲು ಸಭೆಯಲ್ಲಿ ಒಬ್ಬ ಮಾಸ್ತರ ಇದ್ದ.

ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಮಾತು ಬಲ್ಲವನು. ಅವನು ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡನೆಂದರೆ ಎದುರಿನವರು ಅರ್ಧ ಸೋತಂತೆಯೇ. ಕೆಟ್ಟವನಲ್ಲ. ಊಟದ ದಿನ ತಾನೇ ಸೊಂಟಕ್ಕೆ ಟವೆಲು ಸುತ್ತಿಕೊಂಡು ಸಾರು ಬಡಿಸುತ್ತಿದ್ದ. ತಾನು ಬಡಿಸುವುದನ್ನು ನಾಲ್ಕು ಜನ ನೋಡಲಿ ಎಂಬ ಆಸೆಯೂ ಸ್ವಲ್ಪ ಇತ್ತು. ಅಷ್ಟು ಯಾರಿಗಿಲ್ಲ?

ಅವನ ಹೆಂಡತಿ ಕರುಣಾಬಾಯಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಸಭೆಯ ಸ್ಮಶಾನದಲ್ಲಿ ಅವಳ ಗೋರಿ. ಅಲ್ಲಿ ಒಂದು ರೂಢಿಯಿತ್ತು. ಗಂಡ ಹೆಂಡಿರಲ್ಲಿ ಒಬ್ಬರು ಮೊದಲು ಹೋದರೆ, ಉಳಿದವರಿಗೆಂದು ಪಕ್ಕದಲ್ಲಿ ಒಂದು ಆಳಿನ ಜಾಗ ಬಿಡುತ್ತಿದ್ದರು. ಕಾಗದಪತ್ರ ಏನೂ ಇಲ್ಲ, ಬರೀ ಬಾಯಿಮಾತು. ಆದರೂ ಅದನ್ನು ಯಾರೂ ಮೀರುತ್ತಿರಲಿಲ್ಲ. ಕೆಲವರು ಆ ಜಾಗದ ಸುತ್ತ ಕಲ್ಲು ಹುಗಿದು ಗಟ್ಟಿ ಮಾಡಿಕೊಂಡಿದ್ದರು. ಮಾಸ್ತರನಿಗೆ ಕಲ್ಲು ಹುಗಿಯಲು ಮನಸ್ಸು ಬರಲಿಲ್ಲ. ಅವನು ಅಲ್ಲಿ ಸೇವಂತಿಗೆ ಗಿಡ ನೆಟ್ಟ.

ಪ್ರತಿ ಭಾನುವಾರ ಆರಾಧನೆ ಮುಗಿಸಿಕೊಂಡು ಅವನು ಅಲ್ಲಿಗೆ ಹೋಗುತ್ತಿದ್ದ. ಹೆಂಡತಿಯ ಗೋರಿಯ ಮೇಲಿನ ಧೂಳು ಒರೆಸುತ್ತಿದ್ದ. ಪಕ್ಕದ ಸೇವಂತಿಗೆ ಗಿಡಗಳಿಗೆ ಕೊಡದಿಂದ ನೀರು ಹಾಕುತ್ತಿದ್ದ. ಮಕ್ಕಳಿಲ್ಲದ ಮನೆ. ಸಂಜೆ ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ಎಂದಾದರೂ ಒಂದು ದಿನ ಕರುಣಾಳ ಪಕ್ಕದಲ್ಲಿ ಮಲಗುತ್ತೇನೆ ಎಂಬ ಒಂದೇ ಸಮಾಧಾನದ ಮೇಲೆ ಅವನು ದಿನ ನೂಕುತ್ತಿದ್ದ. ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆ.

ಆ ವರ್ಷದ ವಾರ್ಷಿಕ ಕೂಟದಲ್ಲಿ ಸಭಾಪಾಲಕಿ ಒಂದು ವಿಷಯ ಎತ್ತಿದಳು. ಸರಕಾರಿ ಆಸ್ಪತ್ರೆಯಲ್ಲಿ ಸತ್ತವರಲ್ಲಿ ಕೆಲವರ ಹೆಣ ಕೇಳಲು ಯಾರೂ ಬರುವುದಿಲ್ಲ. ಬದುಕಿದ್ದಾಗ ಊಟ ಹಾಕಿದ ನಾವು ಸತ್ತಾಗ ಅವರಿಗೆ ಜಾಗ ಕೊಡಬಾರದೇಕೆ ಎಂದು ಕೇಳಿದಳು.

ಯೋಬಪ್ಪನೆಂಬ ಮುದುಕ ಎದ್ದು ನಿಂತ. ಅವನ ಅಜ್ಜ, ಅಪ್ಪ, ಹೆಂಡತಿ ಎಲ್ಲರೂ ಆ ಸ್ಮಶಾನದಲ್ಲೇ ಇದ್ದರು.

“ಯಾರೋ ಏನೋ ಅಮ್ಮಾವರ. ನಮ್ಮ ಹಿರ್ಯಾರ ಮಗ್ಗಲಾಗ ಅವರನ್ನ ಮಲಗಿಸೂದು ನನ್ನ ಮನಸ್ಸಿಗೆ ಒಗ್ಗಂಗಿಲ್ರಿ” ಎಂದ.

ಮಾಸ್ತರ ಎದ್ದ. ಕನ್ನಡಕ ಸರಿಮಾಡಿಕೊಂಡ.

“ಯೋಬಪ್ಪನವರ, ಸತ್ತ ಮನಶ್ಯಾನ ಗುರುತಿನ ಚೀಟಿ ಕೇಳೂ ಸಭೆ ಕರ್ತನ ಸಭೆ ಅಲ್ರಿ” ಎಂದ.

ಚಪ್ಪಾಳೆ ಬಿತ್ತು. ಯೋಬಪ್ಪ ಕೂತುಬಿಟ್ಟ. ಕೈಗಳು ಮೇಲೆದ್ದವು, ನಿರ್ಣಯವಾಯಿತು. ಹಿಂದಿನ ಗೋಡೆಯ ಮೂಲೆಯನ್ನು ವಾರಸುದಾರರಿಲ್ಲದವರಿಗೆಂದು ಬಿಟ್ಟುಕೊಟ್ಟರು. ಆ ಮೂಲೆಯಲ್ಲಿ ಸಭೆಯವರ ಒಂದು ಗೋರಿಯೂ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಯಾರೂ ಕೇಳಲಿಲ್ಲ. ಮಾಸ್ತರ ಆ ದಿನ ಮನೆಗೆ ಹಾಡು ಗುನುಗುತ್ತ ಹೋದ.

ಬೇಸಿಗೆಯಲ್ಲಿ ಬಸ್‌ಸ್ಟ್ಯಾಂಡಿನ ಒಬ್ಬ ಮನುಷ್ಯ ಸತ್ತ. ಹೆಸರು ಯಾರಿಗೂ ಗೊತ್ತಿಲ್ಲ. ಕುಡಿಯುತ್ತಿದ್ದ. ಕುಡಿದರೆ ಹೋಗಿ ಬರುವವರನ್ನೆಲ್ಲ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಗುರುವಾರದ ಊಟಕ್ಕೂ ಬರುತ್ತಿದ್ದ. ಸಾರಿಗೆ ಉಪ್ಪಿಲ್ಲವೆಂದು ಒಮ್ಮೆ ಮಾಸ್ತರನ ಮುಖಕ್ಕೇ ಬಯ್ದು, ಅದೇ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡಿದ್ದ. ಅವನ ಹೆಣ ಆಸ್ಪತ್ರೆಯಲ್ಲಿ ಬಿದ್ದಿತ್ತು. ಕಾಯುವಷ್ಟು ಕಾಯ್ದರು, ಯಾರೂ ಬರಲಿಲ್ಲ. ಸಭಾಪಾಲಕಿ ಹೋಗಿ ಸಹಿ ಹಾಕಿದಳು. ಸಭೆಯಲ್ಲಿ ಯಾವಾಗಲೂ ಕುಣಿ ತೋಡುತ್ತಿದ್ದವನು ಊರಲ್ಲಿರಲಿಲ್ಲ. ಪಕ್ಕದ ಹಳ್ಳಿಯಿಂದ ಹೊಸಬನೊಬ್ಬನನ್ನು ಕರೆಸಿ, ಮೂಲೆ ತೋರಿಸಿ ಬಂದರು.

ತನ್ನ ಮಾತಿನಿಂದಾದ ನಿರ್ಣಯ, ಅದರ ಮೊದಲ ಮಣ್ಣು. ಮಾಸ್ತರ ಕರಿಯ ಕೋಟು ಹಾಕಿಕೊಂಡ. ಎರಡು ಮಾತು ಆಡಬೇಕೆಂದು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡ. ಮಧ್ಯಾಹ್ನದ ಬಿಸಿಲಿನಲ್ಲಿ ಕೊಡೆ ಹಿಡಿದುಕೊಂಡು ಸ್ಮಶಾನದ ಗೇಟು ದಾಟಿದ.

ಮೂಲೆಯಲ್ಲಿ ಯಾರೂ ಇರಲಿಲ್ಲ. ಜನ ಕರುಣಾಬಾಯಿಯ ಗೋರಿಯ ಹತ್ತಿರ ನಿಂತಿದ್ದರು. ಸೇವಂತಿಗೆ ಗಿಡಗಳು ಬೇರು ಸಮೇತ ಒಂದು ಕಡೆ ಗುಡ್ಡೆಯಾಗಿ ಬಿದ್ದಿದ್ದವು. ಅವಿದ್ದ ಕಡೆ ಗುಂಡಿ.

ಕೊಡೆ ಕೈಯಿಂದ ಜಾರಿದ್ದು ಮಾಸ್ತರನಿಗೆ ತಿಳಿಯಲಿಲ್ಲ.

ಕುಣಿ ತೋಡಿದವನು ಬೆವರು ಒರೆಸಿಕೊಳ್ಳುತ್ತ ಸಂತೋಷದಿಂದಲೇ ಹೇಳಿದ: “ಆ ಮೂಲ್ಯಾಗ ಮೊಣಕಾಲ್ ಮಟ ಹೋಗೂದ್ರಾಗ ಬಂಡೆಗಲ್ಲ ಹತ್ತಿತ್ರಿ. ಅತ್ತಾಗ ಇತ್ತಾಗ ಕೆದರಿ ನೋಡಿದೆ, ಎಲ್ಲಾ ಕಲ್ಲ. ಮಣ್ಣ ಮೆತ್ತಗ ಇದ್ದದ್ದು ಇದೊಂದ ಕಡೆ. ಯಾರೋ ಪುಣ್ಯಾತ್ಮರು ನೀರ ಹಾಕ್ಕೋಂತ ಬಂದಾರ್ರಿ.”

ಮಾಸ್ತರನಿಗೆ ಒಂದೇ ಯೋಚನೆ. ಕರುಣಾಳ ಪಕ್ಕದಲ್ಲಿ ಪರಪುರುಷ. ಅದೂ ಆ ಬಾಯಿಬಡುಕ ಕುಡುಕ. ಒಂದು ದಿನಕ್ಕಲ್ಲ, ಎರಡು ದಿನಕ್ಕಲ್ಲ. ಸತ್ತವರು ಏಳುವ ದಿನದ ಕಡೇ ತುತೂರಿ ಊದುವ ತನಕ ಅವಳ ಮಗ್ಗುಲಲ್ಲಿ ಅವನು. ತಾನು ಎಲ್ಲೋ ಬೇರೆ ಕಡೆ, ಒಬ್ಬನೇ.

ಅಷ್ಟರಲ್ಲಿ ಗಾಡಿ ಬಂತು. ಸಭೆಯ ನಾಲ್ವರು ಯುವಕರು ಹೆಣ ಇಳಿಸಿ ಹೊತ್ತು ತಂದರು. ಶವಪೆಟ್ಟಿಗೆ ಇರಲಿಲ್ಲ. ಜಾಗದ ಬಗ್ಗೆ ನಿರ್ಣಯ ಮಾಡಿದ್ದ ಸಭೆಗೆ ಪೆಟ್ಟಿಗೆಯ ನೆನಪೇ ಆಗಿರಲಿಲ್ಲ. ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಸುತ್ತಿದ ಹೆಣವನ್ನು ಹಾಗೆಯೇ ತಂದಿದ್ದರು. ಹಿಂದೆ ಸಭಾಪಾಲಕಿ ಬರುತ್ತಿದ್ದಳು.

“ನಿಲ್ರಿ!” ಎಂದು ಮಾಸ್ತರ ಕೂಗಿದ. “ಇಲ್ಲಿ ಬ್ಯಾಡ. ಇದು ನನ್ನ ಜಾಗ!”

ಎಲ್ಲರೂ ತಿರುಗಿ ನೋಡಿದರು. ಯೋಬಪ್ಪನೂ ಬಂದಿದ್ದ. ಬೇಡವೆಂದವನು ಬಂದಿದ್ದೇ ದೊಡ್ಡದು. ಅವನು ಕೋಲೂರಿಕೊಂಡು ಮೆಲ್ಲಗೆ ಕೇಳಿದ: “ಹಂಗಾದ್ರ ಗುರುತಿನ ಚೀಟಿ ಕೇಳೂಣೇನ್ರಿ ಮಾಸ್ತರ?”

ಯಾರೂ ನಗಲಿಲ್ಲ. ಮಾಸ್ತರ ಯೋಬಪ್ಪನನ್ನು ನೋಡಿದ, ಹೆಣವನ್ನು ನೋಡಿದ, ಗೋರಿಯ ಮೇಲಿನ ಹೆಂಡತಿಯ ಹೆಸರನ್ನು ನೋಡಿದ. ಆಮೇಲೆ ಗುಂಡಿಯೊಳಕ್ಕೆ ಹಾರಿಬಿಟ್ಟ.

“ಗುಂಡಿಯೊಳಕ್ಕೇ?” ಎಂದ ಸತ್ಯಶೀಲ.

“ಗುಂಡಿಯೊಳಕ್ಕೇ. ಕೋಟು ಹಾಕಿಕೊಂಡೇ” ಎಂದರು ಗುರುಗಳು.

ಒಬ್ಬ ಹೆಂಗಸು ಕಿಟಾರನೆ ಕಿರುಚಿದಳು. ಆ ವಯಸ್ಸಿನಲ್ಲಿ ಅಷ್ಟು ಆಳಕ್ಕೆ ಹಾರಿ ಅವನ ಕಾಲು ಮುರಿಯದೆ ಇದ್ದದ್ದೇ ಹೆಚ್ಚು. ಕೆಳಗೆ ನಿಂತು ಅವನು ಮೇಲಕ್ಕೆ ಮುಖ ಮಾಡಿ ಚೀರಿದ: “ನಾ ಮ್ಯಾಲ ಬರಂಗಿಲ್ಲ! ಹಾಕೂದಿದ್ರ ಮೊದಲ ನನ್ನ ಮ್ಯಾಲ ಮಣ್ಣ ಹಾಕ್ರಿ!”

ಮಕ್ಕಳಿಗೆ ಶಿಸ್ತು ಕಲಿಸಿದ ಮಾಸ್ತರ. ಊರೆಲ್ಲ ಕೈ ಮುಗಿಯುವ ಮಾಸ್ತರ. ಅವನ ಗಂಟಲಿನಿಂದ ಅಂಥ ದನಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ, ಅವನೂ ಎಣಿಸಿರಲಿಲ್ಲ.

ಚೀರಿದ ಮೇಲೆ ಆಸರೆಗೆಂದು ಗುಂಡಿಯ ಗೋಡೆಯ ಮಣ್ಣಿಗೆ ಕೈ ಕೊಟ್ಟ. ಮಣ್ಣು ಸ್ವಲ್ಪ ಉದುರಿತು. ಒಳಗಿನಿಂದ ಕಪ್ಪಾದ ಹಲಗೆಯ ಒಂದು ಅಂಚು ಕಾಣಿಸಿತು. ಅದು ಯಾವ ಹಲಗೆ ಎಂದು ಅವನಿಗೆ ಗೊತ್ತಿತ್ತು. ಹೆಂಡತಿಯ ಪೆಟ್ಟಿಗೆ ತೇಗದ್ದೇ ಆಗಬೇಕೆಂದು ಹಟ ಹಿಡಿದು ಮಾಡಿಸಿದವನು ಅವನೇ. ಕೈಯನ್ನು ಬೆಂಕಿ ಮುಟ್ಟಿದವನಂತೆ ಹಿಂದಕ್ಕೆ ಎಳೆದುಕೊಂಡ.

ಸಭಾಪಾಲಕಿ ಗುಂಡಿಯ ಅಂಚಿಗೆ ಬಂದಳು. ಈಗ ಗದರುತ್ತಾಳೆ ಎಂದು ಕೆಲವರು ಅಂದುಕೊಂಡರು. ಪ್ರಾರ್ಥನೆ ಮಾಡುತ್ತಾಳೆ ಎಂದು ಕೆಲವರು ಅಂದುಕೊಂಡರು. ಪೆಟ್ಟಿಗೆ ಇಲ್ಲದ ಹೆಣವನ್ನು ಇಳಿಸುವಾಗ ಕುಣಿಯೊಳಗೆ ಒಬ್ಬರು ನಿಂತು ಕೈಯಲ್ಲಿ ಹಿಡಿದುಕೊಳ್ಳಬೇಕು. ಯಾರು ಇಳಿಯುತ್ತೀರಿ ಎಂದು ಆಕೆ ದಾರಿಯಲ್ಲೇ ಯುವಕರನ್ನು ಕೇಳಿದ್ದಳು. ಒಬ್ಬರ ಮುಖ ಒಬ್ಬರು ನೋಡಿದ್ದರು. ಕೊನೆಗೆ ತಾನೇ ಇಳಿಯುವುದೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು.

ಅವನ ಕೂಗು ಕೇಳಿಸಿಯೇ ಇಲ್ಲವೆಂಬಂತೆ ಆಕೆ ಹೇಳಿದಳು: “ಛಲೋ ಆತು ಮಾಸ್ತರ. ಇವರನ್ನ ಕೆಳಗ ಹಿಡಕೊಳ್ಳಾಕ ಒಬ್ಬರು ಬೇಕಾಗಿದ್ರು. ಕೈ ಚಾಚ್ರಿ.”

ಯುವಕರಿಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು. ಅವರು ಹೆಣವನ್ನು ಇಳಿಬಿಟ್ಟರು.

ಮಾಸ್ತರ ತಲೆಯೆತ್ತಿ ನೋಡಿದ. ಬಿಳಿ ಬಟ್ಟೆಯ ಗಂಟು ತನ್ನ ಮೇಲೆ ಬರುತ್ತಿತ್ತು. ಹಿಡಿಯದಿದ್ದರೆ ಅದು ನೆಲಕ್ಕೆ ಬೀಳುತ್ತದೆ. ಯೋಚಿಸಲು ಹೊತ್ತಿರಲಿಲ್ಲ. ಕೈಗಳು ತಾವೇ ಮೇಲೆದ್ದವು. ಹೆಣದ ಭಾರ ಅವನ ಎದೆಯ ಮೇಲೆ ಬಂತು. ಆಸ್ಪತ್ರೆಯ ವಾಸನೆ ಮೂಗಿಗೆ ಹೊಡೆಯಿತು. ಬಟ್ಟೆ ಸಡಿಲಾಗಿ ಸತ್ತವನ ಒಂದು ಕೈ ಹೊರಗೆ ಜಾರಿ ಅವನ ಹೆಗಲ ಮೇಲೆ ಬಿತ್ತು. ಮಾಸ್ತರ ಬಿಡಲಿಲ್ಲ.

ಕರುಣಾಬಾಯಿ ಸತ್ತಾಗ ಅವನು ಮೇಲೆ ನಿಂತಿದ್ದ. ಹಗ್ಗ ಕಟ್ಟಿ ಪೆಟ್ಟಿಗೆ ಇಳಿಸಿದ್ದರು. ಒಂದು ಹಿಡಿ ಮಣ್ಣು ಹಾಕಿದ್ದು ಬಿಟ್ಟರೆ ಅವನ ಕೈಗೆ ಏನೂ ತಾಗಿರಲಿಲ್ಲ. ಈಗ ಅದೇ ಕೈಗಳಿಂದ ಈ ಹೆಸರಿಲ್ಲದವನ ತಲೆಯನ್ನು ನೆಲಕ್ಕೆ ಇಳಿಸಿದ. ಕಾಲು ನೆಟ್ಟಗೆ ಮಾಡಿದ. ಹೊರಗೆ ಬಂದ ಕೈಯನ್ನು ಬಟ್ಟೆಯೊಳಗೆ ಸೇರಿಸಿದ. ಆಮೇಲೆ ಕಪ್ಪು ಹಲಗೆಯ ಕಡೆ ತಿರುಗಿದ. ಮನೆಗೆ ಯಾರೇ ಬಂದರೂ ಅಡಿಗೆಮನೆಯ ಬಾಗಿಲಿಗೆ ಹೋಗಿ ಅವಳಿಗೆ ಹೇಳುವುದು ಅವನ ಅಭ್ಯಾಸವಾಗಿತ್ತು.

“ಕರುಣಾ, ಯಾರೋ ಬಂದಾರ” ಎಂದ. “ಹೆಸರು ಕೇಳಿಲ್ಲ ನಾನು.”

ಇಷ್ಟು ಹೇಳಿ ಅವನು ಮಣ್ಣಿನಲ್ಲೇ ಕೂತು ಅತ್ತ. ಎಷ್ಟೋ ವಾರ ಆ ಮನುಷ್ಯನ ತಟ್ಟೆಗೆ ಸಾರು ಬಡಿಸಿದ್ದ. ಒಮ್ಮೆಯೂ ಹೆಸರು ಕೇಳಿರಲಿಲ್ಲ.

ಯುವಕರು ಕೈ ಕೊಟ್ಟು ಅವನನ್ನು ಮೇಲಕ್ಕೆ ಎಳೆದುಕೊಂಡರು. ಸಿದ್ಧಮಾಡಿಕೊಂಡು ಬಂದಿದ್ದ ಎರಡು ಮಾತನ್ನು ಅವನು ಆಡಲಿಲ್ಲ. ಸಭಾಪಾಲಕಿಯ ಮುಖವನ್ನೂ ನೋಡಲಿಲ್ಲ. ಮಣ್ಣಾದ ಕೋಟಿನಲ್ಲೇ ಮನೆಗೆ ನಡೆದ.

ಇಲ್ಲಿ ಗುರುಗಳು ಸ್ವಲ್ಪ ನಿಲ್ಲಿಸಿದರು. ಸತ್ಯಶೀಲನ ಕಣ್ಣು ಒದ್ದೆಯಾಗಿತ್ತು. ಗುರುಗಳಿಗೆ ಅದು ಅಷ್ಟು ಹಿಡಿಸಲಿಲ್ಲ.

“ಅವನು ದೊಡ್ಡ ಮನಸ್ಸು ಮಾಡಿ ಕೊಟ್ಟ ಎಂದುಕೊಳ್ಳಬೇಡ” ಎಂದರು. “ಅವನು ಕೊಡಲಿಲ್ಲ, ಅವನ ಕೈಯಿಂದ ಹೋಯಿತು. ತುಂಬ ದಿನ ಅವನು ದೇವಾಲಯದ ಕಡೆ ತಲೆ ಹಾಕಲಿಲ್ಲ. ಸಭಾಪಾಲಕಿ ಮನೆಗೆ ಹೋದರೆ ಬಾಗಿಲು ತೆಗೆಯಲಿಲ್ಲ. ಆಮೇಲೆ ಒಂದು ಗುರುವಾರ ಬಂದ. ಸಾರಿನ ಬಕೆಟ್ಟು ಮುಟ್ಟಲಿಲ್ಲ. ಉಣ್ಣುವವರ ಸಾಲಿನಲ್ಲಿ ಕೂತು ಪಕ್ಕದವನ ಹೆಸರು ಕೇಳಿದ. ಸಾಯುವ ತನಕ ಅಲ್ಲೇ ಕೂತು ಉಂಡ.”

ಸತ್ಯಶೀಲ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೆಂಡತಿಯ ಬಳಿಯ ಜಾಗ ಹೋಗಿತ್ತು. ಮೂಲೆಯಲ್ಲಿ ಬಂಡೆ. ಉಳಿದ ಮೆತ್ತನೆಯ ಮಣ್ಣೆಲ್ಲ ಒಬ್ಬರಲ್ಲ ಒಬ್ಬರು ತಮಗೆಂದು ಬಿಟ್ಟುಕೊಂಡದ್ದು.

“ಹಾಗಾದರೆ ಆ ಮಾಸ್ತರ ಸತ್ತಾಗ ಅವನನ್ನು ಎಲ್ಲಿ ಮಲಗಿಸಿದರು, ಗುರುಗಳೇ?” ಎಂದು ಕೇಳಿದ.

ಗುರುಗಳು ಹೇಳಿದರು: “ಇನ್ನೊಬ್ಬನ ಹೆಂಡತಿಯ ಪಕ್ಕದಲ್ಲಿ.”