ಮುಟ್ಟಿದರೆ ಗೂಡು ಮೈ ಕೊಡವುವುದೇಕೆ?

ಭೂಮಿಯ ಮಣ್ಣು ಇನ್ನೂ ಹಸಿ ಇದ್ದ ಕಾಲ. ಆಗ ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಹುಳುವೂ ಮಾತಾಡುತ್ತಿತ್ತು. ಬಾಯಿ ಮುಚ್ಚಿಕೊಂಡು ಕೂರುವುದು ಒಬ್ಬರಿಗೂ ಗೊತ್ತಿರಲಿಲ್ಲ.

ಹಾಗಾಗಿ ಆಗಿನವರಿಗೆ ಒಂದು ಕಟ್ಟಳೆ ಇತ್ತು. ಅನುಮಾನ ಬಂದರೆ ಮೂರು ಸಲ ಕೂಗಬೇಕು. ಓಗೊಟ್ಟರೆ ಬದುಕಿದೆ, ಓಗೊಡದಿದ್ದರೆ ಸತ್ತಿದೆ. ಸತ್ತದ್ದನ್ನು, ಅನ್ನ ಹಾಕಿ ಸಾಕಿದವರೇ ಕೈಯಾರೆ ಕಾಗೆಗೆ ಒಪ್ಪಿಸಬೇಕು.

ಕೆಂಚಿ ಎಂಬ ಪುಟ್ಟ ಹುಡುಗಿ ಹಿತ್ತಲಿನ ಕರಿಬೇವಿನ ಗಿಡದಿಂದ ಎರಡು ಹಸಿರು ಹುಳುಗಳನ್ನು ಮನೆಗೆ ತಂದಳು. ಒಂದು ಅಕ್ಕ, ಇನ್ನೊಂದು ತಂಗಿ. ಅಡುಗೆಮನೆಯ ಕಿಟಕಿಯಲ್ಲಿ, ಚೊಂಬಿನಲ್ಲಿಟ್ಟ ರೆಂಬೆಯ ಮೇಲೆ ಅವುಗಳ ಬಿಡಾರ. ಮಹಾ ಹೊಟ್ಟೆಬಾಕ ಹುಳುಗಳು! "ಕೆಂಚಕ್ಕಾ, ಇನ್ನೊಂದೆಲೆ! ಕೆಂಚಕ್ಕಾ, ಇನ್ನೊಂದೆಲೆ!" ಅಜ್ಜಿಯ ಒಗ್ಗರಣೆಗೆ ಒಂದೆಲೆಯೂ ಉಳಿಯಲಿಲ್ಲ. ಕೆಂಚಿಗೆ ಮಾತ್ರ ಅವೆಂದರೆ ಪ್ರಾಣ.

ಒಂದು ಬೆಳಿಗ್ಗೆ ಅಕ್ಕ ಎಲೆ ಮುಟ್ಟಲಿಲ್ಲ.

"ಕೆಂಚಕ್ಕಾ, ಒಳಗೆ ಹೋಗಿ ಬರ್ತೀನಿ," ಎಂದಿತು.

"ಯಾವ ಒಳಗೆ?"

"ನಂಗೂ ಗೊತ್ತಿಲ್ಲ. ಬರ್ತೀನಿ."

ಸೊಂಟಕ್ಕೊಂದು ನೂಲು ಬಿಗಿದು, ರೆಂಬೆಗೆ ಒರಗಿ, ಚರ್ಮ ಕಳಚಿ ಅದು ಒಣ ಎಲೆಯಂಥ ಗೂಡಾಯಿತು. ಮೂರು ದಿನ ಬಿಟ್ಟು ತಂಗಿಯೂ ಹಾಗೇ ಆಯಿತು. ಮನೆ ಬಿಕೋ ಎನ್ನತೊಡಗಿತು.

ಕೆಂಚಿಯ ಮುಖ ನೋಡಿ ಅಜ್ಜಿ ಹತ್ತು ದಿನ ಕಾದಳು. ಆಮೇಲೆ ಅಕ್ಕನ ಗೂಡಿನ ಮುಂದೆ ನಿಂತು ಮೂರು ಸಲ ಕೂಗಿದಳು. ಸದ್ದಿಲ್ಲ.

"ಹೋಗಿ ಬರ್ತೀನಿ ಅಂದಿದೆ, ಅಜ್ಜೀ!"

"ಎಲ್ಲರೂ ಹಾಗೇ ಅನ್ನೋದು, ಮಗಾ. ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ?"

ಕೆಂಚಿ ಅತ್ತಳು, ಅಜ್ಜಿಯ ಕಾಲು ಹಿಡಿದಳು. ಅಜ್ಜಿ ಜಗ್ಗಲಿಲ್ಲ. ಕೊನೆಗೆ ಕೆಂಚಿಯೇ ಗೂಡು ಬಿಡಿಸಿ, ಮೊಸರನ್ನದ ಪಕ್ಕ ಅಂಗಳದ ಕಲ್ಲಿನ ಮೇಲಿಟ್ಟು ಕಾಗೆಯನ್ನು ಕರೆದಳು.

ಕಾಗೆ ಬಂದು ಒಮ್ಮೆ ಕುಕ್ಕಿತು. ಗೂಡು ಸೀಳಿತು. ಒಳಗೆ ಮಡಿಸಿಟ್ಟ ಹಳದಿ ರೆಕ್ಕೆ ಮಿಸುಕಾಡುತ್ತಿತ್ತು.

"ಇದು ಸತ್ತಿಲ್ಲವಲ್ಲೇ," ಎಂದಿತು ಕಾಗೆ. ಎಂದು ನುಂಗಿತು. ಬಾಯಿಗೆ ಬಂದದ್ದನ್ನು ಬಿಡುವುದು ಅದರ ಜಾಯಮಾನವಲ್ಲ.

ಕೆಂಚಿ ಎದೆ ಬಡಿದುಕೊಂಡು ಒಳಗೋಡಿದಳು. ಅಜ್ಜಿ ನಂಬಲಿಲ್ಲ. "ಕಾಗೆ ಮಾತು ಕಟ್ಕೊಂಡು ಕಟ್ಟಳೆ ಬಿಡೋಕಾಗುತ್ತಾ?" ಎಂದಳು. ಮೂರು ದಿನ ಕಳೆದು ತಂಗಿಯ ಸರದಿ ಬಂತು.

ಕೆಂಚಿ ಗೂಡಿಗೆ ಬಾಯಿಟ್ಟು ಪಿಸುಗುಟ್ಟಿದಳು. "ನಿನ್ನಕ್ಕನ್ನ ನಾನೇ ಕೊಂದೆ ಕಣೇ. ನೀನಾದ್ರೂ ಓಗೊಡೇ."

ತಂಗಿಗೆ ಎಲ್ಲವೂ ಕೇಳಿಸಿತು. ಆದರೆ ಓಗೊಡುವುದು ಹೇಗೆ? ಹುಳುವಿನ ಬಾಯಿ ಒಳಗೇ ಕರಗಿಹೋಗಿತ್ತು, ಮಾತೂ ಅದರ ಜೊತೆಗೇ ಹೋಗಿತ್ತು.

ಅಜ್ಜಿ ಕೂಗಿದಳು. ಒಂದು. ಎರಡು. ಮೂರು.

"ಬಿಡಿಸು," ಎಂದಳು.

ಕೆಂಚಿ ಬೆರಳು ತಾಗಿಸಿದಳು. ಆಗ ತಂಗಿ ಇದ್ದಬದ್ದ ಜೀವವನ್ನೆಲ್ಲ ಒಟ್ಟುಮಾಡಿ ಗೂಡನ್ನೇ ಕೊಡವಿತು.

ಅಜ್ಜಿ ಅಂಗಳದ ಕಲ್ಲಿನ ಕಡೆ ತಿರುಗಿ ನೋಡಿದಳು. "ಹಾಗಾದ್ರೆ ಅದೂ..." ಎಂದಳು.

ಮಾರನೆಯ ದಿನ ತಂಗಿ ಚಿಟ್ಟೆಯಾಗಿ ಹೊರಬಂತು. ರೆಕ್ಕೆ ಒಣಗುವ ತನಕ ಕೆಂಚಿಯ ಎದುರೇ ಕೂತಿತ್ತು, ಆಮೇಲೆ ಕಿಟಕಿ ದಾಟಿ ಹೋಯಿತು. ಕ್ಷಮಿಸಿತೋ ಇಲ್ಲವೋ, ಕೆಂಚಿಗೆ ಸಾಯುವ ತನಕ ತಿಳಿಯಲಿಲ್ಲ.

ಅದಕ್ಕೇ ಮಕ್ಕಳೇ, ಕರಿಬೇವಿನ ಗಿಡದ ಗೂಡನ್ನು ನೀವು ಬೆರಳಿಂದ ಮುಟ್ಟಿದರೆ ಇವತ್ತಿಗೂ ಅದು ಮೈ ಕೊಡವುತ್ತದೆ: ಬದುಕಿದ್ದೇನೆ, ಕಾಗೆಗೆ ಕೊಡಬೇಡಿ ಎನ್ನುತ್ತದೆ.