ಏರಿಯೊಳಗಿನ ಏಡಿ

“ಬುದ್ಧೀ, ಕಾಯಬೇಕಾದದ್ದೇ ಕೊಂದರೆ ಯಾರನ್ನು ದೂರುವುದು?” ಎಂದು ಶಿಷ್ಯ ಗುರುಮಲ್ಲ ಕೇಳಿದ. ಹೆಂಡತಿಯನ್ನು ಮಣ್ಣು ಮಾಡಿ ನೇರ ಮಠಕ್ಕೆ ಬಂದಿದ್ದ. “ಅವಳ ಜಠರದ ಗೋಡೆಯಲ್ಲಿ ಒಂದು ರೋಗಾಣು ವರ್ಷಗಟ್ಟಲೆ ಅಡಗಿತ್ತಂತೆ. ಮೈಯ ಕಾವಲು ಕಣಗಳು ಅದರ ವಿರುದ್ಧ ಬಿಡದೆ ಹೋರಾಡಿದವಂತೆ. ಅದು ಸಾಯಲಿಲ್ಲ. ಆ ಹೋರಾಟಕ್ಕೇ ಗೋಡೆ ಹುಣ್ಣಾಗಿ ತೂತು ಬಿತ್ತು ಎಂದರು ಡಾಕ್ಟರು. ಹಿಂದೆಯೇ ಮಾತ್ರೆ ಬರೆದುಕೊಟ್ಟಿದ್ದರು. ಅವಳದು ಗಟ್ಟಿ ಮೈ, ತಾನೇ ವಾಸಿ ಮಾಡಿಕೊಳ್ಳುತ್ತದೆ ಅಂತ ನಾನೇ ತರಿಸಲಿಲ್ಲ.”

ಗುರುಗಳು ಕತೆ ಹೇಳಿದರು.

ಒಂದು ಊರಿನ ಕೆರೆಗೆ ಒಬ್ಬ ನೀರಗಂಟಿ ಇದ್ದ. ಏರಿ ಕಾಯುವುದು ಅವನ ಕೆಲಸ. ಏರಿಯ ಕೆಳಗೇ ಅವನ ಗುಡಿಸಲು, ಅಲ್ಲಿ ಹೆಂಡತಿ ಮಕ್ಕಳು. ಒಂದು ದಿನ ಏಡಿಯೊಂದು ಏರಿಯಲ್ಲಿ ಬಿಲ ಕೊರೆದದ್ದನ್ನು ಕಂಡ. ಅವನು ಮೈಗಳ್ಳನಲ್ಲ. ಗುದ್ದಲಿ ತಂದು ಅಗೆದ. ಏಡಿ ಇನ್ನೂ ಒಳಕ್ಕೆ ಹೋಯಿತು. ಮತ್ತೆ ಅಗೆದ. ಅಗೆದಲ್ಲೆಲ್ಲ ಎರೆಹುಳು ಹೊರಬಿದ್ದವು, ಏಡಿ ಅವನ್ನು ತಿಂದು ಕೊಬ್ಬಿತು. ಮಣ್ಣನ್ನು ಮತ್ತೆ ತುಂಬಿದ. ಆದರೆ ಅಗೆದ ಮಣ್ಣು ಹಳೇ ಮಣ್ಣಿನಷ್ಟು ಗಟ್ಟಿ ಕೂರುತ್ತದೆಯೇ? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಿದ್ದಾನೆ ಎಂದು ಊರವರು ನಕ್ಕರು. ನಗುವವರಿಗೇನು, ಅವರ ಮನೆಗಳು ದಿಣ್ಣೆಯ ಮೇಲಿದ್ದವು.

ಕೊನೆಗೆ ಅವನು ಊರಗೌಡನ ಬಳಿ ಹೋದ.

“ಗೌಡ್ರೇ, ಗುದ್ದಲಿಗೆ ಇದು ಸಿಗಾಕಿಲ್ಲ. ಒಂದು ಮಂಕರಿ ಸುಟ್ಟ ಸುಣ್ಣ ಕೊಡ್ಸಿ. ಕಲಸಿ ಬಿಲಕ್ಕೆ ಹುಯ್ದ್ರೆ ಸಾಯ್ತದೆ.”

ಗೌಡ ಅವನ ಬೆನ್ನು ತಟ್ಟಿದ. “ನಿನ್ನಂತ ಆಳಿರೋವಾಗ ಸುಣ್ಣ ಯಾಕ್ಲಾ? ರಟ್ಟೆ ಗಟ್ಟಿಯಾಗೈತೆ, ಹೋಗಿ ಅಗಿ.”

ಅವನು ಹೋಗಿ ಅಗೆದ. ಆ ಮಳೆಗಾಲಕ್ಕೆ ಕೆರೆ ತುಂಬಿತು. ಅಗೆದ ಜಾಗದಲ್ಲೇ ಏರಿ ಒಡೆಯಿತು. ಗುಡಿಸಲು ಹೋಯಿತು, ಒಳಗಿದ್ದವರೂ ಹೋದರು. ಏಡಿಯೂ ಕೊಚ್ಚಿಹೋಯಿತು, ಅದರಿಂದ ಯಾರಿಗೇನು ಬಂತು? ನೀರಗಂಟಿ ಮಾತ್ರ ಗುದ್ದಲಿ ಹಿಡಿದು ಏರಿಯ ಮೇಲೆ ನಿಂತಿದ್ದ. ಅವನಷ್ಟು ನಿಯತ್ತಿನ ಆಳು ಆ ಊರಿಗೆ ಮತ್ತೆ ಸಿಗಲಿಲ್ಲ.

ಗುರುಮಲ್ಲ ಕಣ್ಣೊರೆಸಿಕೊಂಡ. “ಹಾಗಾದರೆ ಏರಿ ಒಡೆದದ್ದು ಯಾರಿಂದ ಬುದ್ಧೀ? ಏಡಿಯಿಂದಲೋ, ನೀರಗಂಟಿಯಿಂದಲೋ?”

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: “ಏಡಿಯನ್ನು ಹೇಳಿದೆ, ನೀರಗಂಟಿಯನ್ನು ಹೇಳಿದೆ, ಗೌಡನನ್ನು ಯಾಕಪ್ಪ ಬಿಟ್ಟೆ?”