ಗಡಿಗೆರೆಯ ಮೇಲಿನ ಅಂಟಿನಂಗಡಿ

ಇದು ನಡೆದದ್ದಕ್ಕೆ ಸಾಕ್ಷಿ ಬೇಕಾದರೆ ಆ ಗಡಿಕಲ್ಲನ್ನೇ ಕೇಳಿ. ಈಗ ಅದನ್ನು ಯಾರೋ ಬಟ್ಟೆ ಒಗೆಯಲು ಹೊತ್ತೊಯ್ದಿದ್ದಾರಂತೆ.

ಎರಡು ದೇಶಗಳ ಗಡಿಯ ಹತ್ತಿರ ಒಂದು ಬಸವನಹುಳು, ಗೂಡು ಕಟ್ಟುವ ಹಕ್ಕಿಗಳಿಗೆ ತನ್ನ ಮೈಯ ಅಂಟು ಮಾರಿ ಬದುಕುತ್ತಿತ್ತು. ಈಚೆ ದೇಶದ ಸುಂಕದ ಓತಿಕ್ಯಾತ ಹತ್ತು ಉಂಡೆ ಅಂಟಿಗೆ ಐದನ್ನು ಎತ್ತಿಕೊಂಡು ಹೋಗುತ್ತಿದ್ದ. ಉಳಿದ ಐದರಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಪಕ್ಕದಲ್ಲೇ ಕಬ್ಬು ಮಾರುವ ಆನೆ ಮಾತ್ರ ಸುಂಕಕ್ಕೆಂದು ಒಂದು ಜಲ್ಲೆಯನ್ನೂ ಕೊಡುತ್ತಿರಲಿಲ್ಲ. ಹುಳುವಿಗೆ ಅನುಮಾನ ಬಂತು.

“ಆನೆರಾಯರೇ, ನಿಮ್ಮನ್ನು ಯಾಕೆ ಬಿಟ್ಟಿದ್ದಾರೆ? ಇದರಲ್ಲೇನೋ ಮಸಲತ್ತಿದೆ.”

“ಮಸಲತ್ತೆಲ್ಲಿ ಬಂತು ಹುಳಮ್ಮ! ಮುಂಗಾಲು ಈಚೆ, ಹಿಂಗಾಲು ಆಚೆ ಇಟ್ಟು ನಿಂತಿದ್ದೇನೆ. ಇವರು ಕೇಳಿದರೆ ನನ್ನಂಗಡಿ ಆಚೆ ಅನ್ನುತ್ತೇನೆ, ಅವರು ಕೇಳಿದರೆ ಈಚೆ ಅನ್ನುತ್ತೇನೆ.”

ಹುಳು ನಂಬಲಿಲ್ಲ. ಆನೆಯ ನಾಲ್ಕು ಕಾಲನ್ನೂ ಸುತ್ತಿ ನೋಡಿತು, ಗೆರೆಯನ್ನು ಮೂಸಿತು. ಮೋಸವೇನೂ ಸಿಗಲಿಲ್ಲ. ಕೊನೆಗೆ ಮೂರು ದಿನ ತೆವಳಿ ಸರಕೆಲ್ಲ ಸಾಗಿಸಿ, ತಲೆ ಆಚೆ ಬಾಲ ಈಚೆ ಮಾಡಿಕೊಂಡು ಸರಿಯಾಗಿ ಗೆರೆಯ ಮೇಲೆ ಅಂಗಡಿ ಹೂಡಿತು.

ಮಾರನೆಯ ಬೆಳಿಗ್ಗೆ ಓತಿಕ್ಯಾತ ಬಂದು ಬಾಲದ ಕಡೆಯಿಂದ ಐದು ಉಂಡೆ ಎತ್ತಿಕೊಂಡ. ಆಚೆ ದೇಶದ ಸುಂಕದ ಕಪ್ಪೆ ಬಂದು ತಲೆಯ ಕಡೆಯಿಂದ ಉಳಿದ ಐದನ್ನೂ ಎತ್ತಿಕೊಂಡಳು.

“ಇದ್ಯಾವ ನ್ಯಾಯ ಸ್ವಾಮಿ? ಆನೆರಾಯರೂ ಹೀಗೇ ನಿಂತಿದ್ದಾರಲ್ಲ!” ಎಂದು ಹುಳು ಕೂಗಿತು.

ಓತಿಕ್ಯಾತ ಎಂದಿನಂತೆ ತಲೆಯಾಡಿಸಿದ. “ನಿಂತಿರಬಹುದಮ್ಮ. ಆದರೆ ಅವರ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ನಮಗೆ ಕಾಣಿಸೋಲ್ಲ. ನೀನಾದರೆ ನಾವು ಕೂತಲ್ಲಿಂದಲೇ ಪೂರ್ತಿ ಕಾಣುತ್ತೀಯ.”